ಕಿತ್ತಳೆ ನಕ್ಷತ್ರದ ಮಗ್ಗುಲಲ್ಲಿ ಒಂದು ನೀಲಿ ಗ್ರಹ



ಕಂದಲಗಾಂವ, ಮಂದ್ರೂಪ, ಅಕ್ಕಲಕೋಟದ ಕಡೆಯ ನಮ್ಮ ಊರುಗಳಿಗೆ ಇನ್ನೂ ಉಳಿದಿರುವ ಒಂದು ಸಂಪತ್ತೆಂದರೆ ಕತ್ತಲೆ. ಸೊಲ್ಲಾಪುರದ ಬೀದಿದೀಪಗಳಿಂದ ದೂರ ಹೊಲದ ಬದುವಿನ ಮೇಲೆ ನಿಂತರೆ ಆಕಾಶ ತುಂಬ ಚುಕ್ಕೆ. ಮರಾಠಿಯಲ್ಲಿ ನೀವು ಚಾಂದಣಿ ಎನ್ನುತ್ತೀರಿ, ಮನೆಯೊಳಗೆ ಚುಕ್ಕಿ ಎನ್ನುತ್ತೀರಿ. ಹೆಸರು ಎರಡಾದರೂ ಹೊಳೆಯುವುದು ಒಂದೇ. ಇಂದು ಆ ಚುಕ್ಕೆಗಳ ರಾಶಿಯಲ್ಲಿ ಬರಿಗಣ್ಣಿಗೆ ಕಾಣದ ಒಂದು ಮಂದ ನಕ್ಷತ್ರವನ್ನೂ, ಅದರ ಮಗ್ಗುಲಲ್ಲೇ ಸುತ್ತುತ್ತಿರುವ ಒಂದು ದೈತ್ಯ ಗ್ರಹವನ್ನೂ ನಿಮಗೆ ಪರಿಚಯ ಮಾಡಿಕೊಡುತ್ತೇನೆ.

ಮೊದಲು ಅದು ಎಲ್ಲಿದೆ ಎಂಬುದನ್ನು ನೋಡೋಣ. ಸೆಪ್ಟೆಂಬರ್ ತಿಂಗಳ ನಡುವೆ ಮಳೆ ಹೊಳವಾದ ಒಂದು ರಾತ್ರಿ, ಒಂಬತ್ತು ಗಂಟೆಯ ಸುಮಾರಿಗೆ ಅಂಗಳಕ್ಕೆ ಬನ್ನಿ. ನೆತ್ತಿಯ ಆಸುಪಾಸಿನಲ್ಲಿ ಮೂರು ಪ್ರಕಾಶಮಾನ ನಕ್ಷತ್ರಗಳು ದೊಡ್ಡ ತ್ರಿಕೋನ ಕಟ್ಟಿರುತ್ತವೆ. ಒಂದು ಅಭಿಜಿತ್, ಇನ್ನೊಂದು ಹಂಸಪುಂಜದ ನಕ್ಷತ್ರ, ದಕ್ಷಿಣದ ತುದಿಯಲ್ಲಿರುವುದು ಶ್ರವಣ. ಶ್ರವಣದ ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ಚುಕ್ಕೆ ಇರುವುದರಿಂದ ಗುರುತು ಹಿಡಿಯುವುದು ಸುಲಭ. ಈಗ ಕೈ ಚಾಚಿ ಮುಷ್ಟಿ ಹಿಡಿಯಿರಿ. ಶ್ರವಣದಿಂದ ಧ್ರುವನಕ್ಷತ್ರದ ದಿಕ್ಕಿಗೆ ಒಂದೂವರೆ ಮುಷ್ಟಿಯಷ್ಟು ಸರಿದರೆ ನಾವು ಹೇಳುವ ನಕ್ಷತ್ರದ ಜಾಗ ಸಿಕ್ಕಿತು. ಒಳ್ಳೆಯ ದುರ್ಬೀನು ಇದ್ದರೆ ನಕ್ಷತ್ರವೂ ಕಂಡೀತು.

ಅದಕ್ಕೆ ಹೆಸರಿಲ್ಲ, ನಂಬರು ಇದೆ. ಎಚ್‌ಡಿ 189733. ಎಚ್‌ಡಿ ಎಂದರೆ ಹೆನ್ರಿ ಡ್ರೇಪರ್ ಎಂಬ ಅಮೆರಿಕದ ಖಗೋಳ ವಿಜ್ಞಾನಿಯ ನೆನಪಿನಲ್ಲಿ ಮಾಡಿದ ನಕ್ಷತ್ರಗಳ ಪಟ್ಟಿ. 1918ರಿಂದ 1924ರವರೆಗೆ ಹಾರ್ವರ್ಡ್ ವೀಕ್ಷಣಾಲಯದಿಂದ ಅದು ಪ್ರಕಟವಾಯಿತು. ಲಕ್ಷಾಂತರ ನಕ್ಷತ್ರಗಳನ್ನು ಒಂದೊಂದಾಗಿ ನೋಡಿ ವರ್ಗ ಮಾಡಿದವಳು ಆ್ಯನಿ ಜಂಪ್ ಕ್ಯಾನನ್ ಎಂಬ ವಿದುಷಿ.

ಆ ನಕ್ಷತ್ರ ನಮ್ಮಿಂದ ಸುಮಾರು 64 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು 64 ವರ್ಷ ಬೇಕು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತಲ್ಲ, ಅದರ ಆಚೀಚೆ ಹೊರಟ ಬೆಳಕು ಈಚಿನ ವರ್ಷಗಳಲ್ಲಿ ನಮ್ಮ ಅಂಗಳಕ್ಕೆ ಇಳಿಯುತ್ತಿದೆ. ಹೀಗಿದ್ದರೂ ಆಕಾಶದ ಲೆಕ್ಕದಲ್ಲಿ ಇದು ನೆರೆಮನೆಯೇ.

ಇನ್ನು ಬಣ್ಣದ ಮಾತು. ಕಂಬಾರನ ಕುಲುಮೆಯ ಮುಂದೆ ನೀವು ನಿಂತಿದ್ದೀರಿ. ತಿದಿ ಒತ್ತಿದಂತೆ ಕಬ್ಬಿಣ ಮೊದಲು ಕೆಂಪಾಗುತ್ತದೆ, ಬಿಸಿ ಏರಿದರೆ ಕಿತ್ತಳೆ, ಇನ್ನೂ ಏರಿದರೆ ಹಳದಿ, ಕೊನೆಗೆ ಬಿಳಿ. ನಕ್ಷತ್ರಗಳಿಗೂ ಇದೇ ನಿಯಮ. ನಮ್ಮ ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಈ ನಕ್ಷತ್ರದ್ದು ಸುಮಾರು 4,700. ಆದ್ದರಿಂದ ಅದು ಸೂರ್ಯನಿಗಿಂತ ತುಸು ಕಿತ್ತಳೆ, ಮರಾಠಿಯ ನಾರಿಂಗಿ. ತೂಕದಲ್ಲಿ ಸೂರ್ಯನ ಐದು ಪಾಲಿನಲ್ಲಿ ನಾಲ್ಕು ಪಾಲು. ಬೆಳಕಿನಲ್ಲಿ ಮಾತ್ರ ಮೂರರಲ್ಲಿ ಒಂದು ಪಾಲು.

ಈ ಮಂದ ದೀಪದ ಸುತ್ತ ಸುತ್ತುವ ಗ್ರಹ ಮಾತ್ರ ಸಾಮಾನ್ಯದ್ದಲ್ಲ. ನಮ್ಮ ಸೂರ್ಯನ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡವನು ಗುರು. ಹನ್ನೊಂದು ಭೂಮಿಗಳನ್ನು ಸಾಲಾಗಿ ಇಟ್ಟರೆ ಗುರುವಿನ ಅಗಲ. ಈ ಗ್ರಹ ಗುರುವಿಗಿಂತಲೂ ಒಂದಿಷ್ಟು ದೊಡ್ಡದು, ಒಂದಿಷ್ಟು ಭಾರ. ಗುರುವಿನಂತೆ ಇದೂ ಗಟ್ಟಿ ನೆಲವಿಲ್ಲದ ಅನಿಲದ ಗೋಳ. ಆದರೆ ಗುರು ಸೂರ್ಯನಿಂದ ಬಹಳ ದೂರದಲ್ಲಿ ನಿಧಾನವಾಗಿ ನಡೆಯುತ್ತಾನೆ. ಒಂದೊಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇದ್ದು ಹನ್ನೆರಡು ವರ್ಷಕ್ಕೆ ಒಂದು ಸುತ್ತು ಮುಗಿಸುತ್ತಾನೆ ಎಂಬುದು ನಿಮ್ಮಲ್ಲಿ ಪಂಚಾಂಗ ನೋಡುವ ಹಿರಿಯರಿಗೆಲ್ಲ ಗೊತ್ತು. ಈ ಗ್ರಹವೋ ತನ್ನ ನಕ್ಷತ್ರವನ್ನು ಸುತ್ತಿ ಬರಲು ತೆಗೆದುಕೊಳ್ಳುವುದು 2 ದಿವಸ 5 ತಾಸು 15 ನಿಮಿಷ. ಒಂದು ಸಂತೆಯಿಂದ ಮುಂದಿನ ಸಂತೆ ಬರುವುದರೊಳಗೆ ಅಲ್ಲಿ ಮೂರು ವರ್ಷ ಕಳೆದಿರುತ್ತದೆ!

ಎಷ್ಟು ಹತ್ತಿರ ಎನ್ನುತ್ತೀರಾ? ಭೂಮಿ ಸೂರ್ಯನಿಂದ 15 ಕೋಟಿ ಕಿಲೋಮೀಟರ್ ದೂರ. ಈ ಗ್ರಹ ತನ್ನ ನಕ್ಷತ್ರದಿಂದ 46 ಲಕ್ಷ ಕಿಲೋಮೀಟರ್ ಮಾತ್ರ. ಅಂಕಿ ಬೇಡವೆಂದರೆ ಅಡುಗೆಮನೆಗೆ ಬನ್ನಿ. ಆ ನಕ್ಷತ್ರ ಒಂದು ಗೇಣಗಲದ ಜೋಳದ ರೊಟ್ಟಿ ಎಂದು ತಿಳಿಯಿರಿ. ಗ್ರಹ ಒಂದು ಸಣ್ಣ ನಿಂಬೆಹಣ್ಣು. ರೊಟ್ಟಿಯಿಂದ ಎರಡು ಮೊಳಕ್ಕೆ ಸ್ವಲ್ಪ ಹೆಚ್ಚು ದೂರದಲ್ಲಿ ನಿಂಬೆಹಣ್ಣನ್ನು ಇಟ್ಟರೆ ಅವೆರಡರ ನಿಜವಾದ ಅಳತೆ ಬಂತು. ಇದೇ ಅಳತೆಯಲ್ಲಿ ನಮ್ಮ ಸೂರ್ಯ ಇನ್ನೂ ಸ್ವಲ್ಪ ದೊಡ್ಡ ರೊಟ್ಟಿ. ಭೂಮಿ ಅದರಿಂದ ನೂರು ಅಡಿ ಆಚೆ, ಅಂಗಳ ದಾಟಿ ಬೀದಿಯಲ್ಲಿ ಬಿದ್ದ ಒಂದು ಸಾಸಿವೆ ಕಾಳು.

ಗಾಣದ ಎತ್ತನ್ನು ನೋಡಿದ ಹಿರಿಯರು ನಮ್ಮಲ್ಲಿದ್ದಾರೆ. ಎತ್ತು ಎಷ್ಟು ಸುತ್ತಿದರೂ ಅದರ ಒಂದೇ ಮಗ್ಗುಲು ಗಾಣದ ಕಡೆಗಿರುತ್ತದೆ. ನಕ್ಷತ್ರಕ್ಕೆ ಇಷ್ಟು ಹತ್ತಿರವಿರುವ ಗ್ರಹಗಳ ಪಾಡೂ ಅದೇ ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಒಂದು ಮುಖಕ್ಕೆ ಸದಾ ಹಗಲು, ಇನ್ನೊಂದಕ್ಕೆ ಸದಾ ರಾತ್ರಿ. 2007ರಲ್ಲಿ ಸ್ಪಿಟ್ಸರ್ ಎಂಬ ಅಂತರಿಕ್ಷ ದೂರದರ್ಶಕ ಈ ಗ್ರಹವನ್ನು 33 ತಾಸು ಬಿಡದೆ ನೋಡಿ ಅದರ ಕಾವಿನ ನಕ್ಷೆ ಮಾಡಿತು. ಹಗಲಿನ ಕಡೆ ಸುಮಾರು 940 ಡಿಗ್ರಿ, ರಾತ್ರಿಯ ಕಡೆಯೂ ಸುಮಾರು 700 ಡಿಗ್ರಿ. ರಾತ್ರಿ ಏಕೆ ತಣ್ಣಗಾಗಲಿಲ್ಲ? ಭಯಂಕರ ಗಾಳಿ ಹಗಲಿನ ಕಾವನ್ನು ಕತ್ತಲ ಕಡೆಗೆ ಹೊತ್ತೊಯ್ಯುತ್ತದೆ. ಆ ಗಾಳಿಯ ವೇಗ ತಾಸಿಗೆ 8,700 ಕಿಲೋಮೀಟರ್ ಎಂದು 2015ರಲ್ಲಿ ಅಳೆದರು.

ಇಲ್ಲಿ ನಿಮ್ಮಲ್ಲಿ ಯಾರಾದರೂ ಎದ್ದು ಕೇಳಬಹುದು: "ನಕ್ಷತ್ರವೇ ಬರಿಗಣ್ಣಿಗೆ ಕಾಣುವುದಿಲ್ಲ ಎಂದಿರಿ. ಅದರ ಪಕ್ಕದ ಗ್ರಹದ ತೂಕ, ಕಾವು, ಗಾಳಿ ಇವನ್ನೆಲ್ಲ ಯಾರು ಹೋಗಿ ನೋಡಿ ಬಂದರು?" ಬಹಳ ಯೋಗ್ಯವಾದ ಪ್ರಶ್ನೆ. ಯಾರೂ ಹೋಗಿಲ್ಲ. ಎಲ್ಲವೂ ಬೆಳಕಿನಿಂದ ತಿಳಿದದ್ದು.

ಪಂಚಮಿಯಲ್ಲಿ ಹೆಣ್ಣುಮಕ್ಕಳು ಕೈ ಕೈ ಹಿಡಿದು ಫುಗಡಿ ಆಡುವುದನ್ನು ನೆನಪಿಸಿಕೊಳ್ಳಿ. ಇಬ್ಬರ ತೂಕ ಸಮವಿದ್ದರೆ ಇಬ್ಬರೂ ಸಮನಾಗಿ ಸುತ್ತುತ್ತಾರೆ. ಒಬ್ಬಳು ದೊಡ್ಡವಳು, ಇನ್ನೊಬ್ಬಳು ಪುಟ್ಟ ತಂಗಿ ಆದರೆ ತಂಗಿ ದೊಡ್ಡ ಸುತ್ತು ಹಾಕುತ್ತಾಳೆ, ಅಕ್ಕ ನಿಂತಲ್ಲೇ ಸಣ್ಣ ಸುತ್ತು ಹಾಕುತ್ತಾಳೆ. ಕತ್ತಲಲ್ಲಿ ತಂಗಿ ಕಾಣದಿದ್ದರೂ ಅಕ್ಕ ಓಲಾಡುವುದನ್ನು ಕಂಡು "ಇವಳ ಕೈಯಲ್ಲಿ ಇನ್ನೊಬ್ಬಳು ಇದ್ದಾಳೆ" ಎನ್ನಬಹುದು. ನಕ್ಷತ್ರವೂ ಹಾಗೆಯೇ ಓಲಾಡುತ್ತದೆ. ನಮ್ಮ ಕಡೆಗೆ ಬರುವಾಗ ಅದರ ಬೆಳಕು ನೀಲಿಯ ಕಡೆಗೆ ಕೂದಲೆಳೆಯಷ್ಟು ಸರಿಯುತ್ತದೆ, ದೂರ ಹೋಗುವಾಗ ಕೆಂಪಿನ ಕಡೆಗೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಎಂಬಿಬ್ಬರು ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದಿಂದ ಹೀಗೆಯೇ ಸೂರ್ಯನಂಥ ಇನ್ನೊಂದು ನಕ್ಷತ್ರದ ಗ್ರಹವನ್ನು ಮೊದಲ ಬಾರಿ ಪತ್ತೆ ಮಾಡಿದರು. ಅದಕ್ಕಾಗಿ 2019ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹತ್ತು ವರ್ಷದ ತರುವಾಯ, 2005ರಲ್ಲಿ, ಅದೇ ವೀಕ್ಷಣಾಲಯದಿಂದ ನಮ್ಮ ಕಿತ್ತಳೆ ನಕ್ಷತ್ರದ ಗ್ರಹವೂ ಸಿಕ್ಕಿತು. ಈ ಗ್ರಹ ತನ್ನ ನಕ್ಷತ್ರವನ್ನು ಸೆಕೆಂಡಿಗೆ ಸುಮಾರು 205 ಮೀಟರ್ ವೇಗದಲ್ಲಿ ಓಲಾಡಿಸುತ್ತದೆ. ಸುಮಾರು ಒಂದು ವಿಮಾನದ ವೇಗ ಎನ್ನಿ.

ಎರಡನೆಯ ಉಪಾಯ ನೆರಳಿನದು. 2004ರ ಜೂನ್ 8ರಂದು ಶುಕ್ರಗ್ರಹ ಸೂರ್ಯನ ಮುಂದೆ ಸಣ್ಣ ಕರಿ ಚುಕ್ಕೆಯಾಗಿ ದಾಟಿ ಹೋಯಿತು. 2012ರ ಜೂನ್ 6ರ ಬೆಳಿಗ್ಗೆ ಮತ್ತೊಮ್ಮೆ. ಕನ್ನಡದಲ್ಲಿ ಇದನ್ನು ಶುಕ್ರ ಸಂಕ್ರಮಣ ಎಂದರು, ಮರಾಠಿಯಲ್ಲಿ ಅಧಿಕ್ರಮಣ ಎಂದರು. ನಮ್ಮ ನಕ್ಷತ್ರದ ಮುಂದೆಯೂ ಅದರ ಗ್ರಹ ಪ್ರತಿ ಸುತ್ತಿನಲ್ಲಿ ಒಮ್ಮೆ ಹೀಗೆ ದಾಟುತ್ತದೆ. ದಾಟಲು ಎರಡು ತಾಸಿಗೆ ಸ್ವಲ್ಪ ಕಡಿಮೆ. ಅಷ್ಟು ಹೊತ್ತು ನಕ್ಷತ್ರದ ಬೆಳಕು ರೂಪಾಯಿಗೆ ಎರಡೂವರೆ ಪೈಸೆಯಷ್ಟು ಇಳಿಯುತ್ತದೆ. ಇಳಿದ ಲೆಕ್ಕದಿಂದ ಗ್ರಹದ ಗಾತ್ರ ಗೊತ್ತಾಯಿತು, ಓಲಾಟದಿಂದ ತೂಕ ಗೊತ್ತಾಯಿತು.

ಮೂರನೆಯ ಉಪಾಯಕ್ಕೆ ನಮ್ಮ ಸೀಮೆಯ ನಂಟು ಇದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದರ ನೆರಳಿನ ದಾರಿ ಜಮಖಂಡಿ, ಬಿಜಾಪುರದ ಮೇಲೆ ಹಾದು ಗುಂಟೂರಿನ ಕಡೆಗೆ ಹೋಯಿತು. ಬಿಜಾಪುರ ಎಂದರೆ ಇಂದಿನ ವಿಜಯಪುರ, ಸೊಲ್ಲಾಪುರದಿಂದ ನೂರು ಕಿಲೋಮೀಟರ್. ಆ ದಿನ ಜಮಖಂಡಿಯಲ್ಲಿ ಮೋಡಗಳ ಸಂದಿನಿಂದ ಗ್ರಹಣ ನೋಡುತ್ತಿದ್ದವನು ಜಾನ್ ಹರ್ಷೆಲ್ ಎಂಬ ಸೈನ್ಯಾಧಿಕಾರಿ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಬಿಜಾಪುರದಲ್ಲಿ ಬೇರೆ ಅಧಿಕಾರಿಗಳು, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್. ಎಲ್ಲರ ಕೈಯಲ್ಲಿದ್ದದ್ದು ರೋಹಿತದರ್ಶಕ. ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ತೋರಿಸುವ ಯಂತ್ರ ಅದು. ಪ್ರತಿಯೊಂದು ಅನಿಲಕ್ಕೂ ಆ ಬಣ್ಣದ ಪಟ್ಟಿಯಲ್ಲಿ ತನ್ನದೇ ಗೆರೆಗಳಿರುತ್ತವೆ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಗ್ರಹಣದ ಕತ್ತಲೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿ ಹಳದಿಯ ಕಡೆಗಿದ್ದ ಒಂದು ಗೆರೆ ಭೂಮಿಯ ಮೇಲೆ ಆಗ ಗೊತ್ತಿದ್ದ ಯಾವ ಪದಾರ್ಥಕ್ಕೂ ಸೇರಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಕೂಡ ಆ ಗೆರೆಯನ್ನು ಕಂಡ. ಸೂರ್ಯನ ಗ್ರೀಕ್ ಹೆಸರಿನಿಂದ ಆ ಹೊಸ ಪದಾರ್ಥಕ್ಕೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆಯ ಪ್ರಯೋಗಶಾಲೆಯಲ್ಲಿ. ಇಂದು ಜಾತ್ರೆಯಲ್ಲಿ ಮಕ್ಕಳ ಕೈಯಿಂದ ತಪ್ಪಿಸಿಕೊಂಡು ಮೇಲೇರುವ ಫುಗ್ಗೆಯೊಳಗೆ ಇರುವ ಹಗುರ ಅನಿಲ ಇದೇ.

ಈಗ ನೂರೈವತ್ತು ವರ್ಷ ಮುಂದಕ್ಕೆ ಬನ್ನಿ. ಗ್ರಹ ತನ್ನ ನಕ್ಷತ್ರದ ಮುಂದೆ ದಾಟುವಾಗ ಸ್ವಲ್ಪ ಬೆಳಕು ಗ್ರಹದ ಅಂಚಿನ ಹವೆಯ ಮೂಲಕ ಸೋಸಿ ಬರುತ್ತದೆ. ಆ ಹವೆಯಲ್ಲಿರುವ ಅನಿಲಗಳು ತಮ್ಮ ಹೆಬ್ಬೆಟ್ಟನ್ನು ಅದರ ಮೇಲೆ ಒತ್ತಿ ಕಳಿಸುತ್ತವೆ. 2018ರಲ್ಲಿ ಹೀಗೆ ದೂರದ ಗ್ರಹಗಳ ಹವೆಯಲ್ಲಿ ಹೀಲಿಯಂ ಸಿಕ್ಕಿತು. ಮೊದಲು ಇನ್ನೊಂದು ಕಿತ್ತಳೆ ನಕ್ಷತ್ರದ ಗ್ರಹದಲ್ಲಿ, ಅದೇ ವರ್ಷ ಸ್ಪೇನಿನ ಒಂದು ವೀಕ್ಷಣಾಲಯದಿಂದ ನಮ್ಮ ಈ ಗ್ರಹದಲ್ಲಿಯೂ. 1868ರ ಹಳದಿ ಗೆರೆ ಇದಲ್ಲ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಗೆರೆ. ಅನಿಲ ಮಾತ್ರ ಅದೇ. ಗ್ರಹಣ ನೋಡಲು ನಮ್ಮ ಸೀಮೆಗೆ ಬಂದವರು ಹಿಡಿದ ವಿದ್ಯೆಯೇ 64 ಜ್ಯೋತಿರ್ವರ್ಷ ದೂರದ ಹವೆಯನ್ನು ಅಳೆಯುತ್ತಿದೆ.

ಆ ಗ್ರಹದ ಬಣ್ಣವನ್ನು ಕಂಡ ರೀತಿಯೂ ಸ್ವಾರಸ್ಯವಾಗಿದೆ. ಭಜನೆ ನಡೆಯುವಾಗ ಹತ್ತು ಜನರ ತಾಳದಲ್ಲಿ ಒಬ್ಬನ ತಾಳ ಯಾವುದೆಂದು ಹೇಳುವುದು ಕಷ್ಟ. ಅವನು ಎದ್ದು ಹೊರಗೆ ಹೋದಾಗ ಯಾವ ದನಿ ಕಡಿಮೆಯಾಯಿತು ಎಂದು ಕೇಳಿದರೆ ಗೊತ್ತಾಗುತ್ತದೆ. ಹಾಗೆಯೇ ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ಯಾವ ಬಣ್ಣ ಕಡಿಮೆಯಾಯಿತು ಎಂದು ಹಬಲ್ ದೂರದರ್ಶಕದಿಂದ ನೋಡಿದರು. ನೀಲಿ ಕಡಿಮೆಯಾಗಿತ್ತು. ಹಸಿರು, ಕೆಂಪು ಇದ್ದಂತೆಯೇ ಇದ್ದವು. ಅಂದರೆ ಗ್ರಹ ನೀಲಿ! ಇದು 2013ರ ಮಾತು.

ನೀಲಿ ಎಂದೊಡನೆ ನಮಗೆ ಕಡಲು, ನೀರು, ನಮ್ಮ ಭೂಮಿ ನೆನಪಾಗುತ್ತದೆ. ಆದರೆ ಈ ನೀಲಿ ನೀರಿನದಲ್ಲ. ಅದರ ಹವೆಯಲ್ಲಿ ತೇಲುವ ಮರಳಿನ ಜಾತಿಯ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಚದುರಿಸುತ್ತವೆ ಎಂದು ವಿವರಣೆ. ಆ ಕಾವಿನಲ್ಲಿ ಅವು ಗಾಜಿನ ಹನಿಗಳಾಗಿ ಗಾಳಿಗೆ ಅಡ್ಡಡ್ಡ ಬೀಸುತ್ತಿರಬಹುದೆಂಬ ಊಹೆಯೂ ಇದೆ. ದೂರದಿಂದ ನೋಡಿದರೆ ತಂಪು, ಹತ್ತಿರ ಹೋದರೆ ಭಟ್ಟಿ. ಬಣ್ಣ ನೋಡಿ ಮೋಸ ಹೋಗಬಾರದು ಎಂಬ ಮಾತು ಎತ್ತು ಕೊಳ್ಳುವವನಿಗೆ ಹೇಗೋ ವಿಜ್ಞಾನಿಗೂ ಹಾಗೆಯೇ.

ವಿಜ್ಞಾನಿಗಳು ಮೋಸ ಹೋಗಿಲ್ಲವೇ? ಹೋಗಿದ್ದಾರೆ. ಈ ಗ್ರಹದಲ್ಲಿ ಮೀಥೇನ್ ಅನಿಲ ಸಿಕ್ಕಿತೆಂದು 2008ರಲ್ಲಿ ಪ್ರಕಟವಾಯಿತು. ಗೋಬರ್ ಗ್ಯಾಸಿನಲ್ಲಿ ಉರಿಯುತ್ತದಲ್ಲ, ಅದೇ ಅನಿಲ. ಪತ್ರಿಕೆಗಳೆಲ್ಲ ಬರೆದವು. 2024ರಲ್ಲಿ ಜೇಮ್ಸ್ ವೆಬ್ ಎಂಬ ಹೊಸ ದೂರದರ್ಶಕ ಹೆಚ್ಚು ಸೂಕ್ಷ್ಮವಾಗಿ ನೋಡಿದಾಗ ಮೀಥೇನ್ ಕಾಣಲಿಲ್ಲ. ಬದಲಿಗೆ ಹೈಡ್ರೋಜನ್ ಸಲ್ಫೈಡ್ ಸಿಕ್ಕಿತು, ಕೊಳೆತ ಮೊಟ್ಟೆಯ ನಾತದ ಅನಿಲ. ಹಿಂದಿನ ಮಾತು ನಿಲ್ಲಲಿಲ್ಲ. ತಪ್ಪಾದದ್ದು ದೊಡ್ಡ ಮಾತಲ್ಲ. ತಪ್ಪನ್ನು ಅಳತೆಯಿಂದಲೇ ಹಿಡಿದು, ಎಲ್ಲರ ಮುಂದೆ ತಿದ್ದಿದರಲ್ಲ, ಅದನ್ನು ಗಮನಿಸಬೇಕು.

ನಕ್ಷತ್ರದ ಮಗ್ಗುಲಲ್ಲಿರುವುದಕ್ಕೆ ಈ ಗ್ರಹ ಬೆಲೆ ತೆರುತ್ತಿದೆ. ನಕ್ಷತ್ರದ ಕ್ಷ-ಕಿರಣಗಳು ಅದರ ಹವೆಯನ್ನು ಕಾಯಿಸಿ ಬಾಹ್ಯಾಕಾಶಕ್ಕೆ ತೂರುತ್ತಿವೆ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಚಂದ್ರ ಕ್ಷ-ಕಿರಣ ದೂರದರ್ಶಕದಿಂದ 2013ರಲ್ಲಿ ಮಾಡಿದ ಒಂದು ಅಂದಾಜಿನಂತೆ ಸೆಕೆಂಡಿಗೆ 10 ಕೋಟಿಯಿಂದ 60 ಕೋಟಿ ಕಿಲೋ ಹವೆ ಹಾರಿಹೋಗುತ್ತಿದೆ. ಬರಗಾಲದಲ್ಲಿ ನಮ್ಮ ಊರಿಗೆ ಬರುವ 10 ಸಾವಿರ ಲೀಟರಿನ ನೀರಿನ ಟ್ಯಾಂಕರನ್ನು ನೆನೆಯಿರಿ. ಕಡಿಮೆಯೆಂದರೂ ಸೆಕೆಂಡಿಗೆ ಅಂಥ 10 ಸಾವಿರ ಟ್ಯಾಂಕರಿನ ತೂಕ! ಹಾಗಿದ್ದರೂ ಗ್ರಹ ಎಷ್ಟು ದೊಡ್ಡದೆಂದರೆ ಸಾವಿರಾರು ಕೋಟಿ ವರ್ಷ ಹೀಗೆ ಸೋರಿದರೂ ಅದು ಬರಿದಾಗುವುದಿಲ್ಲ. ನಮ್ಮ ಭೂಮಿಯಷ್ಟು ಸಣ್ಣ ಗ್ರಹ ಅಲ್ಲಿದ್ದಿದ್ದರೆ ಅದರ ಹವೆ ಏನಾಗುತ್ತಿತ್ತೆಂದು ಯೋಚಿಸಿ. ಸೂರ್ಯನಿಂದ ನಾವು ನೂರು ಅಡಿ ದೂರದಲ್ಲಿರುವ ಸಾಸಿವೆ ಕಾಳು ಆದದ್ದು ಎಂಥ ಭಾಗ್ಯ ಎಂಬುದು ಆಗ ತಿಳಿಯುತ್ತದೆ.

ಇದೆಲ್ಲ ಪರದೇಶದವರ ಕೆಲಸ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. ಲಡಾಖದ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಅದರ ಎರಡು ಮೀಟರ್ ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ಆ ದೂರದರ್ಶಕದಿಂದಲೂ, ತಮಿಳುನಾಡಿನ ಕಾವಲೂರಿನಿಂದಲೂ ಇಂಥ ಐದು ಹತ್ತಿರ ಸುತ್ತುವ ಗ್ರಹಗಳ ನೆರಳನ್ನು ಅಳೆದ ಕೆಲಸ 2019ರಲ್ಲಿ ಪ್ರಕಟವಾಯಿತು. ಅದೇ ವರ್ಷ ಭಾರತಕ್ಕೆ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶ ಬಂತು. ಗುರುವಿಗಿಂತ ಭಾರವಾದ ಆ ಗ್ರಹವೂ ಎರಡು ದಿವಸ ಚಿಲ್ಲರೆಯಲ್ಲಿ ಒಂದು ಸುತ್ತು ಹಾಕುತ್ತದೆ. ಅದರ ನಕ್ಷತ್ರ ಕಿತ್ತಳೆಯದಲ್ಲ, ಸೂರ್ಯನಿಗಿಂತ ಬಿಳಿಯದು. ನಕ್ಷತ್ರಕ್ಕೆ ಬಿಭಾ ಎಂದೂ ಗ್ರಹಕ್ಕೆ ಸಂತಮಸ ಎಂದೂ ಹೆಸರಾಯಿತು. ಬಿಭಾ ಚೌಧುರಿ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲಿಯೂ ಕೆಲಸ ಮಾಡಿದ ಭೌತವಿಜ್ಞಾನಿ.

ಬಂಧುಗಳೇ, ನಮ್ಮ ಮನೆಗಳಲ್ಲಿ ಗ್ರಹ ಎಂಬ ಮಾತು ಹೆಚ್ಚಾಗಿ ಬರುವುದು ಕಷ್ಟದ ಹೊತ್ತಿನಲ್ಲಿ. ಬೆಳೆ ಹೋಯಿತು, ಮದುವೆ ಕೂಡಲಿಲ್ಲ, ಗ್ರಹಗತಿ ಸರಿಯಿಲ್ಲ. ಸಾಲ ಮಾಡಿ ಶಾಂತಿ ಮಾಡಿಸಿದವರೂ ಇದ್ದಾರೆ. ಗ್ರಹಣ ಹಿಡಿದರೆ ಬಾಗಿಲು ಹಾಕಿಕೊಳ್ಳುತ್ತೇವೆ. 1868ರ ಗ್ರಹಣದ ಹೊತ್ತಿನಲ್ಲೂ ಈ ಸೀಮೆಯಲ್ಲಿ ಎಷ್ಟೋ ಬಾಗಿಲುಗಳು ಮುಚ್ಚಿದ್ದಿರಬೇಕು. ಹೊರಗೆ ನಿಂತು ನೋಡಿದವರಿಗೆ ಹೊಸ ಪದಾರ್ಥವೊಂದು ಸಿಕ್ಕಿತು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ, ಕಣ್ಣು ಹೋದೀತು; ಅದಕ್ಕೆಂದೇ ಮಾಡಿದ ಕನ್ನಡಕದಿಂದ ನೋಡಿ. ಆದರೆ ಬಾಗಿಲು ತೆರೆದಿರಲಿ.

ನಮ್ಮ ಕನ್ನಡ ಶಾಲೆಯ ಮಕ್ಕಳು ರಾಜ್ಯದ ಗಡಿಯ ಈಚೆ ಇದ್ದಾರೆ. ವಿಜ್ಞಾನ ನಮ್ಮ ಭಾಷೆಗೆ ಬರುವುದಲ್ಲ ಎಂಬ ಅಳುಕು ಅವರಿಗೆ ಬರಬಾರದು. ರೊಟ್ಟಿ, ನಿಂಬೆಹಣ್ಣು, ಫುಗಡಿ, ಗಾಣದ ಎತ್ತು, ಇಷ್ಟರಲ್ಲಿಯೇ ನಾವು ಇಂದು 64 ಜ್ಯೋತಿರ್ವರ್ಷ ಹೋಗಿ ಬಂದೆವು. ಗ್ರಹ, ಗ್ರಹಣ, ಗ್ರಹಿಕೆ ಮೂರೂ ಒಂದೇ ಬೇರಿನ ಮಾತುಗಳು. ಹಿಡಿಯುವುದು ಎಂದು ಅದರ ಅರ್ಥ. ಗ್ರಹ ನಮ್ಮನ್ನು ಹಿಡಿದಿದೆ ಎಂದು ಅಂಜುವುದರ ಬದಲು ಗ್ರಹವನ್ನು ನಾವೇ ಬುದ್ಧಿಯಿಂದ ಹಿಡಿಯಬಹುದು.

ಈ ಸಲ ಮಳೆ ಹೊಳವಾದಾಗ ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಹೋಗಿ. ಶ್ರವಣವನ್ನು ತೋರಿಸಿ, ಅಲ್ಲಿಂದ ಒಂದೂವರೆ ಮುಷ್ಟಿ ಅಳೆಯಿರಿ. ಬೆರಳು ಮುಟ್ಟಿದ ಜಾಗ ಖಾಲಿಯಾಗಿ ಕಂಡೀತು. ಖಾಲಿಯಿಲ್ಲ ಎಂದು ಅವರಿಗೆ ಹೇಳಿ.